ಹಿರಿಯ ಹೆಣ್ಣುಮಕ್ಕಳ ಎಲುಬಿಗೆ ನಿಧಾನ ನಡೆಯ ವ್ಯಾಯಾಮ

ದ್ರಾಕ್ಷಿ ತೋಟದಲ್ಲಿ ಚಾಟ್ನಿ ಮುಗಿದು ಗೊನೆಗಳು ತೂಗತೊಡಗುವ ಮೊದಲು ರೈತನು ಚಪ್ಪರದ ಕಂಬಗಳನ್ನು ಒಮ್ಮೆ ಅಲುಗಿಸಿ ನೋಡುವುದುಂಟು. ತುಕ್ಕು ಹಿಡಿದ ಆಂಗಲ್ ಯಾವುದು, ಸಡಿಲಾದ ತಂತಿ ಯಾವುದು ಎಂಬುದು ಅವನಿಗೆ ಗೊತ್ತಿರುತ್ತದೆ. ಭಾರ ಬಿದ್ದ ಮೇಲೆ ಒಂದು ಕಂಬ ಮುರಿದರೆ ಇಡೀ ಸಾಲೇ ನೆಲಕ್ಕೆ ಬರುತ್ತದೆಂದು ಅವನು ಬಲ್ಲ. ಆದರೆ ಅದೇ ಮನೆಯಲ್ಲಿ ಅರವತ್ತು ದಾಟಿದ ತಾಯಿಯ ಎಲುಬು ಎಷ್ಟು ಗಟ್ಟಿಯಿದೆ ಎಂಬುದನ್ನು, ಆಕೆ ಬಚ್ಚಲಲ್ಲಿ ಜಾರಿ ಬೀಳುವವರೆಗೂ ಯಾರೂ ವಿಚಾರಿಸುವುದಿಲ್ಲ.

ವಿಜಯಪುರ ನಗರದ ಆಸ್ಪತ್ರೆಗಳಿಗೆ ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಿಂದ ಬರುವ ಮುದುಕಿಯರ ಎಲುಬು ಮುರಿತಕ್ಕೆ ಬಹುಪಾಲು ಕಾರಣ ದೊಡ್ಡ ಅಪಘಾತವಲ್ಲ. ಹೊಸ್ತಿಲು ಎಡವುವುದು, ಒದ್ದೆ ಪರಸಿಕಲ್ಲಿನ ಮೇಲೆ ಜಾರುವುದು, ರಾತ್ರಿ ಹೊರಗೆ ಹೋಗುವಾಗ ಕತ್ತಲಲ್ಲಿ ಕಟ್ಟೆಯಿಂದ ಕಾಲು ತಪ್ಪುವುದು, ಇಷ್ಟೇ. ನಿಂತ ಎತ್ತರದಿಂದ ಬಿದ್ದ ಮಾತ್ರಕ್ಕೆ ಎಲುಬು ಮುರಿಯಿತೆಂದರೆ ಎಲುಬಿನಲ್ಲಿಯೇ ಕೊರತೆಯಿತ್ತೆಂದು ತಿಳಿಯಬೇಕು. ಮುಂಗೈ ಮುರಿದರೆ ಆರು ವಾರಗಳ ಪಟ್ಟಿಯಲ್ಲಿ ಮುಗಿಯುತ್ತದೆ. ತೊಡೆಯ ಮೇಲ್ಭಾಗದ, ಅಂದರೆ ಟೊಂಕದ ಕೀಲಿನ ಎಲುಬು ಮುರಿದರೆ ಹಾಗಲ್ಲ. ಶಸ್ತ್ರಚಿಕಿತ್ಸೆಯಾಗಬೇಕು, ಅನಂತರವೂ ಅನೇಕರು ಮೊದಲಿನಂತೆ ನಡೆಯಲಾರರು. ಜಗತ್ತಿನ ಹಲವು ದೇಶಗಳ ಲೆಕ್ಕ ನೋಡಿದರೆ ಈ ಮುರಿತವಾದ ವಯಸ್ಸಾದವರಲ್ಲಿ ಸುಮಾರು ಐವರಲ್ಲಿ ಒಬ್ಬರು ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದವರ ಆರೈಕೆಗೆ ಸೊಸೆಯೋ ಮಗಳೋ ಹೊಲದ ಕೆಲಸ ಬಿಟ್ಟು ಮನೆಯಲ್ಲಿ ನಿಲ್ಲಬೇಕಾಗುತ್ತದೆ. ಆದುದರಿಂದ ಇದು ಕೇವಲ ಮುದುಕಿಯರ ವಿಷಯವೆಂದು ಬದಿಗಿಡುವಂತಹುದಲ್ಲ. ಒಕ್ಕಲುತನದ ಮನೆಯ ಖರ್ಚು-ವೆಚ್ಚದ ವಿಷಯವೂ ಹೌದು.

ಎಲುಬು ಟೊಳ್ಳಾಗುವ ಬಗೆ

ಎಲುಬು ಕಲ್ಲಿನಂತೆ ಒಮ್ಮೆ ಆಗಿ ಹಾಗೆಯೇ ಇರುವ ವಸ್ತುವಲ್ಲ. ಅದು ಜೀವವುಳ್ಳದ್ದು. ಅದರೊಳಗೆ ಎರಡು ಬಗೆಯ ಜೀವಕೋಶಗಳು ಸದಾ ದುಡಿಯುತ್ತಿರುತ್ತವೆ. ಒಂದು ಬಗೆ ಹಳೆಯ ಎಲುಬನ್ನು ಕರಗಿಸುತ್ತದೆ, ಇನ್ನೊಂದು ಬಗೆ ಹೊಸದನ್ನು ಕಟ್ಟುತ್ತದೆ. ಹೊಲದ ಒಡ್ಡನ್ನು ನೆನೆಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಪ್ರತಿ ಮಳೆಗಾಲದಲ್ಲಿ ಒಡ್ಡು ಅಲ್ಲಲ್ಲಿ ಕೊರೆಯುತ್ತದೆ. ಬೇಸಿಗೆಯಲ್ಲಿ ರೈತ ಮಣ್ಣು ಹಾಕಿ ಸರಿಪಡಿಸುತ್ತಾನೆ. ಕೊರೆತ ಮತ್ತು ದುರಸ್ತಿ ಸರಿಸಮವಾಗಿರುವವರೆಗೆ ಒಡ್ಡು ನಿಲ್ಲುತ್ತದೆ. ದುರಸ್ತಿ ಹಿಂದೆ ಬಿದ್ದರೆ ಹೊರಗೆ ಒಡ್ಡಿನ ಆಕಾರ ಹಾಗೆಯೇ ಕಂಡರೂ ಒಳಗೆ ಟೊಳ್ಳಾಗುತ್ತದೆ, ಒಂದು ದೊಡ್ಡ ಮಳೆಗೆ ಒಡೆಯುತ್ತದೆ.

ಸುಮಾರು ಮೂವತ್ತನೆಯ ವಯಸ್ಸಿನವರೆಗೆ ಕಟ್ಟುವ ಕೆಲಸವೇ ಮುಂದಿರುತ್ತದೆ. ಅನಂತರ ಕೆಲವು ಕಾಲ ಸಮವಾಗಿದ್ದು, ಹೆಣ್ಣುಮಕ್ಕಳಲ್ಲಿ ಮುಟ್ಟು ನಿಂತ ಮೇಲೆ ಕರಗುವ ಕೆಲಸ ಒಮ್ಮೆಲೇ ಜೋರಾಗುತ್ತದೆ. ಈಸ್ಟ್ರೋಜನ್ ಎಂಬ ಹೆಣ್ಣು ಚೋದಕರಸವು ಎಲುಬು ಕರಗಿಸುವ ಕೋಶಗಳನ್ನು ಹಿಡಿತದಲ್ಲಿಟ್ಟಿರುತ್ತದೆ. ಮುಟ್ಟು ನಿಂತಾಗ ಆ ರಸದ ಉತ್ಪತ್ತಿ ಕುಗ್ಗುವುದೇ ಇದಕ್ಕೆ ಕಾರಣ. ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಎಲುಬಿನ ಸತ್ವ ವರ್ಷಕ್ಕೆ ನೂರಕ್ಕೆ 1ರಿಂದ 3 ಪಾಲಿನಷ್ಟು ಕಡಿಮೆಯಾಗಬಹುದು. ನಮ್ಮ ದೇಶದ ಹೆಣ್ಣುಮಕ್ಕಳಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46-47ನೆಯ ವಯಸ್ಸಿನಲ್ಲಿ. ಪಾಶ್ಚಾತ್ಯ ದೇಶಗಳಲ್ಲಿ ಇದು 51ರ ಸುಮಾರಿಗೆ. ಅಂದರೆ ನಮ್ಮವರ ಎಲುಬಿನ ಸವಕಳಿ ನಾಲ್ಕೈದು ವರ್ಷ ಮೊದಲೇ ಆರಂಭವಾಗುತ್ತದೆ. ಗರ್ಭಕೋಶ ತೆಗೆಸಿಕೊಳ್ಳುವಾಗ ಅಂಡಕೋಶಗಳನ್ನೂ ತೆಗೆಸಿಕೊಂಡವರಲ್ಲಿ ಇನ್ನೂ ಮೊದಲು. ಹೊಟ್ಟೆನೋವು, ಬಿಳಿಸೆರಗು ಎಂದು ಮೂವತ್ತೈದು-ನಲವತ್ತರಲ್ಲಿಯೇ ಗರ್ಭಕೋಶ ತೆಗೆಸುವ ರೂಢಿ ಕೆಲವು ಕಡೆ ಇದೆ. ಅದಕ್ಕೆ ಒಪ್ಪುವ ಮುನ್ನ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ಒಳ್ಳೆಯದು.

ಹೀಗೆ ಎಲುಬು ಟೊಳ್ಳಾಗುವುದಕ್ಕೆ ವೈದ್ಯರು ಆಸ್ಟಿಯೊಪೊರೋಸಿಸ್ ಎನ್ನುತ್ತಾರೆ. ಇದನ್ನು ಮೊಳಕಾಲಿನ ಕೀಲು ಸವೆಯುವುದರೊಂದಿಗೆ ಬೆರೆಸಬಾರದು. ಕೀಲು ಸವೆದರೆ ನೋವು ಬರುತ್ತದೆ, ರೋಗಿ ತಾನೇ ಆಸ್ಪತ್ರೆಗೆ ಹೋಗುತ್ತಾಳೆ. ಎಲುಬು ಟೊಳ್ಳಾದರೆ ಮುರಿಯುವವರೆಗೂ ನೋವಿರುವುದಿಲ್ಲ. ಕೆಲವರಲ್ಲಿ ಬೆನ್ನುಹುರಿಯ ಮಣಿಗಳು ಸದ್ದಿಲ್ಲದೆ ಕುಸಿದು ಬೆನ್ನು ಬಾಗುತ್ತದೆ, ಎತ್ತರ ಕಡಿಮೆಯಾಗುತ್ತದೆ. ಪ್ರಾಯದಲ್ಲಿದ್ದ ಎತ್ತರಕ್ಕಿಂತ ಒಂದೂವರೆ ಅಂಗುಲ ಕುಗ್ಗಿದ್ದರೆ ವೈದ್ಯರಿಗೆ ತೋರಿಸಬೇಕು. "ಮುಪ್ಪಿನಾಗ ಬೆನ್ನು ಬಾಗೂದು ಸಹಜ" ಎಂದು ಬಿಡುವುದು ಸರಿಯಲ್ಲ.

ಹೊಲದ ದುಡಿಮೆ ಸಾಲದೇ?

"ಹೊಲದಾಗ ದುಡಿದ ಮೈಗೆ ಮತ್ಯಾಕ ವ್ಯಾಯಾಮ?" ಎಂಬ ಪ್ರಶ್ನೆ ಹಳ್ಳಿಗಳಲ್ಲಿ ಮೊದಲು ಬರುವಂತಹುದು. ಪ್ರಶ್ನೆ ನ್ಯಾಯವಾದುದೇ. ಭಾರ ಹೊರುವುದರಿಂದ, ನಡೆಯುವುದರಿಂದ ಎಲುಬು ಗಟ್ಟಿಯಾಗುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಪ್ರಾಯದಲ್ಲಿ ನೀರಿನ ಕೊಡ, ಮೇವಿನ ಹೊರೆ ಹೊತ್ತ ಹೆಣ್ಣುಮಕ್ಕಳ ಎಲುಬು ಆ ದುಡಿಮೆಯ ಲಾಭ ಪಡೆದೇ ಇರುತ್ತದೆ. ಆದರೆ ಇಲ್ಲಿ ಗಮನಿಸಬೇಕಾದ ಕೆಲವು ಅಂಶಗಳಿವೆ.

ಮೊದಲನೆಯದಾಗಿ, ಹೊಲದ ಕೆಲಸಗಳ ಸ್ವರೂಪ. ಕಳೆ ತೆಗೆಯುವುದು, ಜೋಳ ಕೊಯ್ಯುವುದು, ಮಣೂಕದ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುವುದು, ಇವೆಲ್ಲ ಬಗ್ಗಿ ಅಥವಾ ಕುಕ್ಕರಗಾಲಿನಲ್ಲಿ ಕುಳಿತು ಮಾಡುವ ಕೆಲಸಗಳು. ದಿನವಿಡೀ ಒಂದೇ ಭಂಗಿ. ಗಟ್ಟಿ ಬೆನ್ನಿಗೆ ಇದರಿಂದ ಆಯಾಸ ಮಾತ್ರ. ಟೊಳ್ಳಾದ ಬೆನ್ನುಮಣಿಗೆ ಮುಂದಕ್ಕೆ ಬಗ್ಗುವುದೇ ಅಪಾಯ. ದ್ರಾಕ್ಷಿ ಚಪ್ಪರದ ಕೆಲಸದಲ್ಲಿ ಕೈ ಮೇಲೆತ್ತಿ, ಕುತ್ತಿಗೆ ಹಿಂದಕ್ಕೆ ಬಾಗಿಸಿ ನಿಲ್ಲಬೇಕು. ವಯಸ್ಸಾದವರಿಗೆ ಆ ಭಂಗಿಯಲ್ಲಿ ತಲೆ ತಿರುಗಿ ಜೋಲಿ ತಪ್ಪುವುದುಂಟು. ಕಾಲಿಗೆ ಡ್ರಿಪ್ ಪೈಪು ತೊಡರುವುದು ಬೇರೆ.

ಎರಡನೆಯದು, ಕೆಲಸ ಬಿಟ್ಟ ಮೇಲಿನ ಬದುಕು. ತಿಕೋಟಾ, ಬಬಲೇಶ್ವರ ಭಾಗಗಳು ಬಹುಕಾಲ ಒಣಬೇಸಾಯದ ಜೋಳದ ಸೀಮೆಗಳಾಗಿದ್ದವು. ಕೊಳವೆಬಾವಿ, ಆಮೇಲೆ ಏತನೀರಾವರಿ ಬಂದು ದ್ರಾಕ್ಷಿಯ ಸೀಮೆಗಳಾದವು. ಕೈಯಲ್ಲಿ ನಾಲ್ಕು ಕಾಸು ಓಡಾಡಿದ ಮನೆಗಳಲ್ಲಿ ಹಿರಿಯ ಹೆಣ್ಣುಮಕ್ಕಳನ್ನು "ಇನ್ನ ಸಾಕು, ನೀ ಮನ್ಯಾಗ ಕೂಡು ಅವ್ವಾ" ಎಂದು ಮಕ್ಕಳು ಗೌರವದಿಂದಲೇ ಕೂರಿಸುತ್ತಾರೆ. ನಲ್ಲಿಯ ನೀರು ಬಾಗಿಲಿಗೆ ಬಂದಿದೆ, ಬೀಸುವ ಕಲ್ಲು ಮೂಲೆ ಸೇರಿದೆ. ಇವೆಲ್ಲ ಸುಖವೇ ಸರಿ, ಯಾರೂ ಹಿಂದಕ್ಕೆ ಹೋಗಬೇಕೆಂದಿಲ್ಲ. ಆದರೆ ಭಾರ ಇಳಿದ ಎಲುಬು ಬೇಗ ಸೊರಗುತ್ತದೆ, ಕೂತ ಕಾಲಿನ ಸ್ನಾಯು ಅದಕ್ಕಿಂತ ಬೇಗ ಸೊರಗುತ್ತದೆ. ಐದು ವರ್ಷ ಹೊರಸಿನ ಮೇಲೆ ಕುಳಿತವರು ಒಂದು ದಿನ ಎದ್ದು ನಡೆದಾಗ ಎಡವಿದರೆ ತಡೆದುಕೊಳ್ಳುವ ಶಕ್ತಿ ಕಾಲಿನಲ್ಲಿ ಉಳಿದಿರುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಹೊಲದ ಕೆಲಸ ಬಲವನ್ನು ಕೊಡುತ್ತದೆಯೇ ಹೊರತು, ಮುಪ್ಪಿನಲ್ಲಿ ಕುಂದುವ ಸಮತೋಲನವನ್ನು ಪ್ರತ್ಯೇಕವಾಗಿ ಕಲಿಸುವುದಿಲ್ಲ. ಜೋಲಿ ಹಿಡಿಯುವುದೂ ಒಂದು ವಿದ್ಯೆ. ಅಭ್ಯಾಸ ತಪ್ಪಿದರೆ ಮರೆಯುತ್ತದೆ, ಅಭ್ಯಾಸ ಮಾಡಿದರೆ ಎಪ್ಪತ್ತರಲ್ಲಿಯೂ ಮರಳಿ ಬರುತ್ತದೆ.

ತಾಯ್ ಚಿ ಎಂಬ ಚೀನಾದ ಪದ್ಧತಿ

ಈ ವಿದ್ಯೆಯನ್ನೇ ಗುರಿಯಾಗಿಟ್ಟುಕೊಂಡಂತಿರುವ ವ್ಯಾಯಾಮವೊಂದು ಚೀನಾ ದೇಶದಲ್ಲಿದೆ. ಅದಕ್ಕೆ ತಾಯ್ ಚಿ ಎಂದು ಹೆಸರು. ಅದರ ಮೂಲ ಪಟ್ಟಣದ ವ್ಯಾಯಾಮಶಾಲೆಯಲ್ಲ. ಹೆನಾನ್ ಪ್ರಾಂತದ ಚೆನ್ ಮನೆತನದ ಒಂದು ಹಳ್ಳಿ. 17ನೆಯ ಶತಮಾನದಲ್ಲಿ ಅಲ್ಲಿ ಕಾಳಗದ ವಿದ್ಯೆಯಾಗಿ ಬೆಳೆದುದು ಬರಬರುತ್ತ ಆರೋಗ್ಯದ ವ್ಯಾಯಾಮವಾಯಿತು. 1956ರಲ್ಲಿ ಚೀನಾದ ಕ್ರೀಡಾ ಇಲಾಖೆಯವರು ಜನಸಾಮಾನ್ಯರಿಗಾಗಿ 24 ಭಂಗಿಗಳ ಸರಳ ಪಾಠವೊಂದನ್ನು ಸಿದ್ಧಪಡಿಸಿದರು. ಅಲ್ಲಿಯ ಊರೂರಿನ ಬಯಲುಗಳಲ್ಲಿ ಬೆಳಗಿನ ಹೊತ್ತು ಮುದುಕ-ಮುದುಕಿಯರು ಗುಂಪಾಗಿ ಇದನ್ನು ಮಾಡುತ್ತಾರೆ. 2020ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ನೋಡುವವರಿಗೆ ಇದು ವ್ಯಾಯಾಮವೆಂದೇ ಅನ್ನಿಸುವುದಿಲ್ಲ. ಓಟವಿಲ್ಲ, ಜಿಗಿತವಿಲ್ಲ, ನೆಲದ ಮೇಲೆ ಕೂರುವುದು-ಮಲಗುವುದು ಇಲ್ಲ. ಮೊಳಕಾಲನ್ನು ಸ್ವಲ್ಪವೇ ಮಡಿಸಿ, ಬೆನ್ನು ನೆಟ್ಟಗಿಟ್ಟು, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬಹಳ ನಿಧಾನವಾಗಿ ಸಾಗಿಸುತ್ತಾರೆ. ಒಂದು ಕಾಲು ಪೂರ್ತಿ ಖಾಲಿಯಾದ ಮೇಲೆಯೇ ಅದನ್ನು ಎತ್ತುತ್ತಾರೆ. ಹಿಮ್ಮಡಿ ಊರಿ, ಆಮೇಲೆ ಪಾದ ಊರಿ, ಆಮೇಲೆ ಭಾರ ಬಿಡುತ್ತಾರೆ. ಎರೆಹೊಲದಲ್ಲಿ ಮಳೆ ಬಿದ್ದ ಮರುದಿನ ಬದುವಿನ ಮೇಲೆ ನಡೆಯುವವರು ನೆಲ ನಂಬಿಕೆ ಕೊಟ್ಟ ಮೇಲೆಯೇ ಭಾರ ಬಿಡುತ್ತಾರಲ್ಲವೇ, ಬಹುಮಟ್ಟಿಗೆ ಅದೇ ನಡಿಗೆ. ಅದರ ಜೊತೆಗೆ ಕೈಗಳು ಎದೆಯ ಮುಂದೆ ನಿಧಾನವಾಗಿ ಆಡುತ್ತವೆ, ಸೊಂಟ ತಿರುಗುತ್ತದೆ, ಕಣ್ಣು ಕೈಯನ್ನು ಹಿಂಬಾಲಿಸುತ್ತದೆ. ನಮ್ಮ ಕಡೆಯ ಹೆಜ್ಜೆಮೇಳ ಬಲ್ಲವರಿಗೆ ಈ ಭಾರ ಬದಲಾಯಿಸುವ ಕ್ರಮ ಅಷ್ಟೇನೂ ಹೊಸದೆನಿಸಲಾರದು. ವೇಗ ಮಾತ್ರ ಹತ್ತರಲ್ಲಿ ಒಂದು ಪಾಲು.

ನಿಧಾನವೇ ಇದರ ಗುಟ್ಟು. ಬೇಗ ನಡೆಯುವಾಗ ದೇಹ ತನ್ನ ವೇಗದಿಂದಲೇ ಜೋಲಿ ಹಿಡಿಯುತ್ತದೆ. ನಿಧಾನವಾದಾಗ ಆ ಆಸರೆ ಇಲ್ಲ. ಒಂದು ಕಾಲಿನ ಮೇಲೆ ನಾಲ್ಕೈದು ಎಣಿಕೆಯ ಹೊತ್ತು ಪೂರ್ತಿ ಭಾರ ನಿಲ್ಲುತ್ತದೆ. ತೊಡೆ, ಮೀನಖಂಡ, ಹರಡುಗಳ ಸ್ನಾಯುಗಳು ದುಡಿಯಲೇಬೇಕು, ಟೊಂಕದ ಎಲುಬು ಆ ಭಾರ ಹೊರಲೇಬೇಕು.

ಪರೀಕ್ಷೆಗಳಲ್ಲಿ ಕಂಡುಬಂದದ್ದು

ಇದರಿಂದ ಎಲುಬು ನಿಜವಾಗಿಯೂ ಗಟ್ಟಿಯಾಗುವುದೇ ಎಂಬುದನ್ನು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. 2004ರಲ್ಲಿ ಪ್ರಕಟವಾದ ಹಾಂಗ್‌ಕಾಂಗಿನ ಒಂದು ಪ್ರಯೋಗದಲ್ಲಿ ಮುಟ್ಟು ನಿಂತು ಹತ್ತು ವರ್ಷದೊಳಗಿನ 132 ಹೆಣ್ಣುಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ದಿನಕ್ಕೆ 45 ನಿಮಿಷದಂತೆ ವಾರಕ್ಕೆ 5 ದಿನ, ಒಂದು ವರ್ಷ ತಾಯ್ ಚಿ ಮಾಡಿತು. ಇನ್ನೊಂದು ಗುಂಪು ಎಂದಿನಂತೆ ಇತ್ತು. ವರ್ಷದ ಕೊನೆಗೆ ಎರಡೂ ಗುಂಪುಗಳಲ್ಲಿ ಎಲುಬಿನ ಸತ್ವ ಕಡಿಮೆಯಾಗಿತ್ತು. ಆದರೆ ವ್ಯಾಯಾಮ ಮಾಡಿದವರಲ್ಲಿ ಮೊಣಕಾಲಿನ ಕೆಳಗಿನ ಎಲುಬಿನ ಸವಕಳಿ ನಿಧಾನವಾಗಿತ್ತು. ಅಂದರೆ ಹೋದದ್ದು ಮರಳಿ ಬರಲಿಲ್ಲ, ಹೋಗುವುದು ತಡವಾಯಿತು. ಬೇರೆ ಕೆಲವು ಪ್ರಯೋಗಗಳಲ್ಲಿ ಈ ಲಾಭವೂ ಅಷ್ಟು ಸ್ಪಷ್ಟವಾಗಿ ಕಂಡುಬಂದಿಲ್ಲ. ಆದುದರಿಂದ ತಾಯ್ ಚಿ ಮಾಡಿದರೆ ಎಲುಬು ಉಕ್ಕಿನಂತಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ಆದರೆ ಬೀಳುವುದರ ಬಗ್ಗೆ ಸಿಕ್ಕ ಫಲ ಬೇರೆ. ಅಮೆರಿಕದ ಅಟ್ಲಾಂಟಾ ನಗರದಲ್ಲಿ 70 ದಾಟಿದ 200 ಜನರ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಾಯ್ ಚಿ ಕಲಿತವರಲ್ಲಿ ಮೇಲಿಂದ ಮೇಲೆ ಬೀಳುವ ಅಪಾಯ ಸುಮಾರು ಅರ್ಧಕ್ಕೆ ಇಳಿಯಿತು. ಅದೇ ದೇಶದ ಆರೆಗಾನ್ ರಾಜ್ಯದಲ್ಲಿ 670 ಜನ ವೃದ್ಧರ ಮೇಲೆ ನಡೆದ ಇನ್ನೂ ದೊಡ್ಡ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಅವರೆಲ್ಲ ಹಿಂದಿನ ವರ್ಷ ಬಿದ್ದವರು ಅಥವಾ ನಡಿಗೆಯಲ್ಲಿ ತೊಂದರೆಯಿದ್ದವರು. ವಾರಕ್ಕೆ ಎರಡು ಸಲ, ಒಂದೊಂದು ಗಂಟೆ, 24 ವಾರ ಅಭ್ಯಾಸ. ಕೇವಲ ಮೈಚಾಚುವ ವ್ಯಾಯಾಮ ಮಾಡಿದವರಿಗಿಂತ ತಾಯ್ ಚಿ ಮಾಡಿದವರಲ್ಲಿ ಬೀಳುವಿಕೆ ನೂರಕ್ಕೆ 58ರಷ್ಟು ಕಡಿಮೆಯಿತ್ತು. ನಡಿಗೆ, ಬಲ, ಸಮತೋಲನ ಮೂರನ್ನೂ ಕೂಡಿಸಿದ ಸಾಮಾನ್ಯ ವ್ಯಾಯಾಮಕ್ಕಿಂತಲೂ ನೂರಕ್ಕೆ 31ರಷ್ಟು ಕಡಿಮೆ. 2019ರಲ್ಲಿ ಜಗತ್ತಿನ ಎಲ್ಲ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದ ಕಾಕ್ರೇನ್ ಸಮೀಕ್ಷೆಯ ತೀರ್ಮಾನ ಇಷ್ಟು ಉತ್ಸಾಹದ್ದಲ್ಲ. ಒಟ್ಟಾರೆ ವ್ಯಾಯಾಮದಿಂದ ಬೀಳುವಿಕೆ ನೂರಕ್ಕೆ 23ರಷ್ಟು, ತಾಯ್ ಚಿಯಿಂದ 19ರಷ್ಟು ಕಡಿಮೆಯಾಗಬಹುದೆಂದು ಅದು ಹೇಳುತ್ತದೆ. ಐದು ಸಲ ಬೀಳುವ ಕಡೆ ಒಂದು ಸಲ ತಪ್ಪಿತೆಂದರೂ ಅದು ಸಣ್ಣ ಲಾಭವಲ್ಲ. ಆ ಒಂದರಲ್ಲಿಯೇ ಟೊಂಕ ಮುರಿಯುವುದಿತ್ತೋ ಏನೋ.

ಎಲುಬು ಮುರಿಯಬೇಕಾದರೆ ಎರಡು ಸಂಗತಿಗಳು ಕೂಡಿ ಬರಬೇಕು: ಎಲುಬು ಸೊರಗಿರಬೇಕು ಮತ್ತು ಆಕೆ ಬೀಳಬೇಕು. ಸೊರಗುವುದನ್ನು ಪೂರ್ತಿ ನಿಲ್ಲಿಸುವುದು ಕಷ್ಟ. ಬೀಳುವುದನ್ನು ಕಡಿಮೆ ಮಾಡುವುದು ಸಾಧ್ಯ. ನಿಧಾನ ನಡೆಯ ವ್ಯಾಯಾಮದ ನಿಜವಾದ ಬೆಲೆ ಇಲ್ಲಿದೆ.

ಅಂಗಳದಲ್ಲಿ ಮಾಡಬಹುದಾದ ಕ್ರಮ

ತಾಯ್ ಚಿ ಕಲಿಸುವವರು ನಮ್ಮ ಹಳ್ಳಿಗಳಲ್ಲಿ ಸಿಗುವುದು ಕಷ್ಟ. ಇಡೀ 24 ಭಂಗಿಗಳನ್ನು ಕಲಿಯಲೇಬೇಕೆಂಬ ಹಟವೂ ಬೇಡ. ಅದರ ತಿರುಳಾದ ಭಾರ ಬದಲಾಯಿಸುವ ನಡೆಯನ್ನು ಯಾವ ಅಂಗಳದಲ್ಲಿಯಾದರೂ ಅಭ್ಯಾಸ ಮಾಡಬಹುದು. ಮೊದಲ ಸಲ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದವರಿಂದ ತೋರಿಸಿಕೊಂಡರೆ ಉತ್ತಮ.

ಆರಂಭಕ್ಕೆ ಮುನ್ನ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬೇಕು. ಕುರ್ಚಿಯಿಂದ ಹತ್ತು ಅಡಿ ದೂರದಲ್ಲಿ ಒಂದು ಗೆರೆ ಎಳೆಯಬೇಕು. ಹಿರಿಯರು ಕುರ್ಚಿಯಿಂದ ಎದ್ದು, ಎಂದಿನ ನಡಿಗೆಯಲ್ಲಿ ಗೆರೆಯವರೆಗೆ ಹೋಗಿ, ತಿರುಗಿ ಬಂದು ಕುಳಿತುಕೊಳ್ಳಲಿ. ಇದಕ್ಕೆ 12 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಬೀಳುವ ಸಂಭವ ಹೆಚ್ಚೆಂದು ತಿಳಿಯಬೇಕು. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಮೊಬೈಲಿನಲ್ಲಿ ಸಮಯ ನೋಡಿ ಬರೆದಿಟ್ಟುಕೊಂಡರೆ ಆರು ತಿಂಗಳ ನಂತರ ಹೋಲಿಸಬಹುದು.

ಅಭ್ಯಾಸಕ್ಕೆ ಒಣಗಿದ, ಸಮನಾದ ನೆಲ ಬೇಕು. ಗೋಡೆಯ ಪಕ್ಕದಲ್ಲಿ ಅಥವಾ ಗಟ್ಟಿ ಕಂಬದ ಬಳಿ, ಕೈಗೆ ಆಸರೆ ಸಿಗುವಂತೆ ನಿಲ್ಲಬೇಕು. ಸೀರೆಯ ನೆರಿಗೆ ಕಾಲಿಗೆ ತೊಡರದಂತೆ ಸ್ವಲ್ಪ ಮೇಲೆ ಸಿಕ್ಕಿಸಿಕೊಳ್ಳಬೇಕು. ಹವಾಯಿ ಚಪ್ಪಲಿ ಬೇಡ. ಬರಿಗಾಲು ಅಥವಾ ಹಿಂದೆ ಪಟ್ಟಿಯಿರುವ ಚಪ್ಪಲಿ ಒಳ್ಳೆಯದು.

ಮೊದಲ ಎರಡು ವಾರ ಭಾರ ಬದಲಾಯಿಸುವುದನ್ನಷ್ಟೇ ಕಲಿಯಬೇಕು. ಪಾದಗಳನ್ನು ಭುಜದಷ್ಟು ಅಗಲಿಸಿ, ಮೊಳಕಾಲು ತುಸು ಸಡಿಲಿಸಿ ನಿಂತು, ಮೈಭಾರವನ್ನು ನಿಧಾನವಾಗಿ ಬಲಗಾಲಿಗೆ, ಆಮೇಲೆ ಎಡಗಾಲಿಗೆ ಸಾಗಿಸಬೇಕು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಐದು ಎಣಿಸುವಷ್ಟು ಹೊತ್ತು ಹಿಡಿಯಬೇಕು. ಮೊಳಕಾಲು ಪಾದದ ಬೆರಳನ್ನು ದಾಟಿ ಮುಂದೆ ಹೋಗಬಾರದು. ಉಸಿರು ಹಿಡಿಯಬಾರದು. ಇದು ಕೈವಶವಾದ ಮೇಲೆ ಖಾಲಿಯಾದ ಕಾಲಿನ ಹಿಮ್ಮಡಿಯನ್ನು, ಆಮೇಲೆ ಇಡೀ ಪಾದವನ್ನು ಒಂದಂಗುಲ ಎತ್ತಿ ಇಳಿಸಬೇಕು. ಕೈ ಗೋಡೆಯ ಮೇಲಿರಲಿ. ದಿನ ಕಳೆದಂತೆ ಅಂಗೈ ಬದಲು ಎರಡು ಬೆರಳು, ಎರಡರ ಬದಲು ಒಂದು ಬೆರಳು ಸಾಕಾಗುತ್ತದೆ.

ಅನಂತರ ನಡೆಯುವ ಅಭ್ಯಾಸ. ಗೋಡೆಯ ಉದ್ದಕ್ಕೂ ಎಂಟು ಹೆಜ್ಜೆ ಮುಂದೆ. ಪ್ರತಿ ಹೆಜ್ಜೆಯಲ್ಲಿ ಹಿಮ್ಮಡಿ ಮೊದಲು, ಪಾದ ಆಮೇಲೆ, ಭಾರ ಕೊನೆಗೆ. ಹಾಗೆಯೇ ಪಕ್ಕಕ್ಕೆ ಎಂಟು ಹೆಜ್ಜೆ. ಹಿಂದಕ್ಕೆ ಹೆಜ್ಜೆ ಹಾಕುವುದನ್ನು ಒಬ್ಬರು ಜೊತೆಗಿದ್ದಾಗ ಮಾತ್ರ ಕಲಿಯಬೇಕು. ಕಾಲು ನಿಂತ ಮೇಲೆ ಕೈ ಸೇರಿಸಬಹುದು. ಚೀನಿಯರು ಮೋಡದ ಕೈ ಎಂದು ಕರೆಯುವ ಭಂಗಿಯಲ್ಲಿ ಒಂದು ಅಂಗೈ ಮುಖದ ಮುಂದೆ, ಇನ್ನೊಂದು ಹೊಟ್ಟೆಯ ಮುಂದೆ ಇದ್ದು, ಸೊಂಟದೊಂದಿಗೆ ಎರಡೂ ಬಲಕ್ಕೆ ತಿರುಗುತ್ತವೆ, ಅಲ್ಲಿ ಮೇಲೆ-ಕೆಳಗಾಗಿ ಎಡಕ್ಕೆ ಮರಳುತ್ತವೆ. ರಾಶಿಯ ಕಣದಲ್ಲಿ ಕಾಳು ತೂರಿದವರ ಕೈಗೆ ಈ ತಿರುವು ಬೇಗ ಹತ್ತುತ್ತದೆ.

ಕಾಲಿನ ಬಲಕ್ಕಾಗಿ ಇನ್ನೆರಡು ಅಭ್ಯಾಸಗಳನ್ನು ಜೊತೆಗೆ ಮಾಡಿದರೆ ಲಾಭ ಹೆಚ್ಚು. ಗೋಡೆ ಹಿಡಿದು ಮುಂಗಾಲಿನ ಮೇಲೆ ಎದ್ದು ಇಳಿಯುವುದು ಒಂದು. ಕುರ್ಚಿ ಅಥವಾ ಎತ್ತರದ ಹೊರಸಿನಿಂದ ಕೈ ಊರದೆ ಎದ್ದು ಕೂರುವುದು ಇನ್ನೊಂದು. ತಲಾ ಐದರಿಂದ ಆರಂಭಿಸಿ ಹತ್ತಕ್ಕೆ ಏರಿಸಬೇಕು.

ದಿನಕ್ಕೆ ಹತ್ತು ನಿಮಿಷದಿಂದ ಆರಂಭಿಸಿ ಅರ್ಧ ಗಂಟೆಗೆ ತರುವುದು ಸಾಕು. ಮೂರು ತಿಂಗಳಲ್ಲಿ ಬಿಟ್ಟರೆ ಹೆಚ್ಚಿನ ಫಲವಿಲ್ಲ. ಮೇಲೆ ಹೇಳಿದವುಗಳಲ್ಲಿ ಹಾಂಗ್‌ಕಾಂಗಿನ ಪ್ರಯೋಗ ಒಂದು ವರ್ಷದ್ದು, ಆರೆಗಾನ್ ಪ್ರಯೋಗ 24 ವಾರಗಳದ್ದು ಎಂಬುದನ್ನು ಮರೆಯಬಾರದು. ಒಬ್ಬರೇ ಮಾಡಿದರೆ ಬೇಸರ ಬರುತ್ತದೆ, ನಾಲ್ಕು ಜನ ನಕ್ಕಾರೆಂಬ ಸಂಕೋಚವೂ ಇರುತ್ತದೆ. ಸ್ತ್ರೀಶಕ್ತಿ ಗುಂಪಿನ ವಾರದ ಸಭೆ, ಸಂಜೆಯ ಭಜನೆ, ಗುಡಿಯ ಪೌಳಿ, ಎಲ್ಲಿ ಹಿರಿಯರು ಹೇಗೂ ಸೇರುತ್ತಾರೋ ಅಲ್ಲಿಯೇ ಹತ್ತು ನಿಮಿಷ ಮೀಸಲಿಡುವಂತೆ ವಿಸ್ತರಣಾ ಕಾರ್ಯಕರ್ತೆಯರು ಮತ್ತು ಆಶಾ ಕಾರ್ಯಕರ್ತೆಯರು ಏರ್ಪಾಡು ಮಾಡಬಹುದು. ಚಾಟ್ನಿ, ಮಣೂಕದ ಸುಗ್ಗಿ ಎಂದು ಅಭ್ಯಾಸ ನಿಲ್ಲಿಸಬಾರದು. ಆ ದಿನಗಳಲ್ಲಿಯೇ ಮನೆಯವರೆಲ್ಲ ತೋಟದಲ್ಲಿದ್ದು ಮುದುಕಿಯರು ಒಂಟಿಯಾಗಿರುತ್ತಾರೆ, ಬಿದ್ದರೆ ಎತ್ತುವವರಿರುವುದಿಲ್ಲ.

ಯೋಗಾಸನ ಬಲ್ಲವರು ಗೋಡೆಯ ಆಸರೆಯಲ್ಲಿ ತಾಡಾಸನ, ವೃಕ್ಷಾಸನ ಮಾಡಿದರೂ ಇದೇ ಬಗೆಯ ಪ್ರಯೋಜನ ನಿರೀಕ್ಷಿಸಬಹುದು. ಆದರೆ ಎಲುಬು ಟೊಳ್ಳಾಗಿದೆಯೆಂದು ತಿಳಿದವರು ಮುಂದಕ್ಕೆ ಬಗ್ಗಿ ಕಾಲು ಮುಟ್ಟುವ ಆಸನಗಳನ್ನು, ಬೆನ್ನು ಜೋರಾಗಿ ತಿರುಚುವ ಆಸನಗಳನ್ನು ಮಾಡಬಾರದು.

ಮೊದಲು ವೈದ್ಯರನ್ನು ಕಾಣಬೇಕಾದವರು

ಹಿಂದಿನ ಒಂದು ವರ್ಷದಲ್ಲಿ ಎರಡು ಸಲ ಬಿದ್ದವರು, ಎದ್ದ ಕೂಡಲೇ ಕಣ್ಣಿಗೆ ಕತ್ತಲೆ ಬರುವವರು, ಹಠಾತ್ತನೆ ಬೆನ್ನುನೋವು ಬಂದವರು, ಸಣ್ಣ ಪೆಟ್ಟಿಗೆ ಎಲುಬು ಮುರಿದವರು ವೈದ್ಯರನ್ನು ಕಂಡ ನಂತರವೇ ಅಭ್ಯಾಸಕ್ಕೆ ಇಳಿಯಬೇಕು. ರಕ್ತದೊತ್ತಡದ ಗುಳಿಗೆ, ನಿದ್ರೆಯ ಗುಳಿಗೆಗಳಿಂದಲೂ ಜೋಲಿ ತಪ್ಪುತ್ತದೆ. ಕಣ್ಣಿನ ಪೊರೆ ಬೆಳೆದಿದ್ದರೆ ಅದನ್ನು ತೆಗೆಸದೆ ಬರೇ ಕಾಲಿಗೆ ವ್ಯಾಯಾಮ ಕೊಟ್ಟು ಪ್ರಯೋಜನವಿಲ್ಲ.

ಎಲುಬಿನ ಸಾಂದ್ರತೆಯನ್ನು ಡೆಕ್ಸಾ ಎಂಬ ಯಂತ್ರದಿಂದ ಅಳೆಯುತ್ತಾರೆ. ಅದರಲ್ಲಿ ಬರುವ ಟಿ-ಸ್ಕೋರ್ ಎಂಬ ಅಂಕಿ ಋಣ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎಂದು ಅರ್ಥ. ಆಗ ವೈದ್ಯರು ಎಲುಬು ಕರಗುವುದನ್ನು ತಡೆಯುವ ಔಷಧ ಕೊಡುತ್ತಾರೆ. ವಾರಕ್ಕೊಂದು ನುಂಗುವ ಅಲೆಂಡ್ರೋನೇಟ್ ಗುಳಿಗೆ ಕೊಟ್ಟಿದ್ದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನೊಂದಿಗೆ ತೆಗೆದುಕೊಂಡು, ಅರ್ಧ ಗಂಟೆ ಮಲಗದೆ, ಚಹಾ ಸಹ ಕುಡಿಯದೆ ಇರಬೇಕು. ಚಹಾದೊಂದಿಗೆ ನುಂಗಿದರೆ ಔಷಧ ಮೈಗೆ ಹತ್ತುವುದಿಲ್ಲ. ಮಲಗಿದರೆ ಅನ್ನನಾಳ ಸುಡುತ್ತದೆ. ವ್ಯಾಯಾಮ ಆರಂಭಿಸಿದೆವೆಂದು ಈ ಔಷಧ ಬಿಡಬಾರದು.

ಇನ್ನೊಂದು ಎಚ್ಚರಿಕೆ. ಮಂಡಿನೋವಿಗೆಂದು ಸಂತೆಯಲ್ಲಿ, ಹೆಸರಿಲ್ಲದ ಪೊಟ್ಟಣಗಳಲ್ಲಿ ಮಾರುವ ಪುಡಿ, ಗುಳಿಗೆಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವ ಸಂಭವ ಉಂಟು. ನೋವು ಎರಡೇ ದಿನದಲ್ಲಿ ಮಾಯವಾಗುತ್ತದೆ, ಜನ ಹೊಗಳುತ್ತಾರೆ. ಆದರೆ ತಿಂಗಳುಗಟ್ಟಲೆ ತಿಂದರೆ ಸ್ಟಿರಾಯ್ಡ್ ಎಲುಬನ್ನು ಒಳಗಿನಿಂದ ತಿನ್ನುತ್ತದೆ.

ಊಟ, ಬಿಸಿಲು, ನೀರು

ಮುಟ್ಟು ನಿಂತ ಹೆಣ್ಣುಮಕ್ಕಳಿಗೆ ದಿನಕ್ಕೆ 1200 ಮಿಲಿಗ್ರಾಂ ಸುಣ್ಣಾಂಶ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. ಜೋಳದ ರೊಟ್ಟಿಯಲ್ಲಿ ಬಲವಿದೆ, ಸುಣ್ಣಾಂಶ ಮಾತ್ರ ಕಡಿಮೆ. 100 ಗ್ರಾಂ ಜೋಳದಲ್ಲಿ 30 ಮಿಲಿಗ್ರಾಂ ಸಹ ಇಲ್ಲ. ಕೊರತೆ ತುಂಬುವುದು ರೊಟ್ಟಿಯ ಜೊತೆಗಿನ ಪದಾರ್ಥಗಳಿಂದ. ಅರ್ಧ ಲೀಟರ್ ಹಾಲು ಅಥವಾ ಅಷ್ಟು ಹಾಲಿನ ಮೊಸರಿನಿಂದ ಸುಮಾರು 600 ಮಿಲಿಗ್ರಾಂ ಸಿಗುತ್ತದೆ. ಮನೆಯಲ್ಲಿ ಎಮ್ಮೆ ಕಟ್ಟಿದ್ದರೂ ಹಾಲೆಲ್ಲ ಡೇರಿಗೆ ಹೋಗಿ, ಅದನ್ನು ಹಿಂಡಿದ ಹಿರಿಯಳಿಗೆ ಕರಿ ಚಹಾ ಮಾತ್ರ ಉಳಿಯುವುದು ಅಪರೂಪವಲ್ಲ. ಸಿಪ್ಪೆ ತೆಗೆಯದ ಎಳ್ಳಿನಲ್ಲಿ 100 ಗ್ರಾಂಗೆ 1000 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣಾಂಶವಿದೆ. ಸಂಕ್ರಾಂತಿಗೆ ಮಾತ್ರ ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚುವ ಬದಲು ದಿನವೂ ಎರಡು ಚಮಚ ಎಳ್ಳಿನ ಚಟ್ನಿಪುಡಿ ತಿಂದರೆ ಒಳ್ಳೆಯದು. ನುಗ್ಗೆಸೊಪ್ಪು, ಮೆಂತ್ಯೆಸೊಪ್ಪು, ರಾಜಗಿರಿ ಸೊಪ್ಪುಗಳೂ ಉಪಯುಕ್ತ. ಹಲ್ಲಿಗೆ ಮಿಶ್ರಿ ಉಜ್ಜುವ, ಎಲೆಯಡಿಕೆಯೊಂದಿಗೆ ತಂಬಾಕು ಹಾಕುವ ರೂಢಿಯನ್ನು ಬಿಡಿಸಬೇಕು.

ತಿಂದ ಸುಣ್ಣಾಂಶ ಮೈಗೆ ಹತ್ತಲು ಡಿ ಜೀವಸತ್ವ ಬೇಕು. ಅದನ್ನು ಚರ್ಮವು ಬಿಸಿಲಿನಿಂದ ತಯಾರಿಸಿಕೊಳ್ಳುತ್ತದೆ. ವಿಜಯಪುರದಲ್ಲಿ ಬಿಸಿಲಿಗೇನು ಬರ ಎಂದು ನಗಬಹುದು. ಆದರೆ ಮೈತುಂಬ ಸೆರಗು ಹೊದ್ದು ಮನೆಯೊಳಗೆ ಕೂತವರಿಗೆ, ಚಪ್ಪರದ ನೆರಳಿನಲ್ಲಿ ಕೆಲಸ ಮಾಡುವವರಿಗೆ ಆ ಬಿಸಿಲು ತಗಲುವುದೇ ಇಲ್ಲ. ಕೈ, ಮುಖ, ಕಾಲುಗಳಿಗೆ ದಿನಕ್ಕೆ ಅರ್ಧ ಗಂಟೆ ಬಿಸಿಲು ತಾಗುವಂತೆ ಅಭ್ಯಾಸದ ಸ್ಥಳ, ಹೊತ್ತು ಗೊತ್ತುಮಾಡಿಕೊಳ್ಳಬಹುದು. ಬೇಸಿಗೆಯಲ್ಲಿ ಬೆಳಿಗ್ಗೆ 9ರ ಒಳಗೆ ಮುಗಿಸುವುದು ಕ್ಷೇಮ.

ಜಿಲ್ಲೆಯ ಕೆಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಬಹುಕಾಲ ಕುಡಿದರೆ ಹಲ್ಲು ಕಂದುವುದಲ್ಲದೆ, ಇನ್ನೂ ಹೆಚ್ಚಾದ ಕಡೆ ಬೆನ್ನು-ಕೀಲು ಬಿಗಿಯುತ್ತವೆ. ಇಂತಹವರ ಎಲುಬು ಎಕ್ಸ್‌ರೇಯಲ್ಲಿ ದಟ್ಟವಾಗಿ ಕಂಡರೂ ಗುಣದಲ್ಲಿ ಗಟ್ಟಿಯಲ್ಲ. ಊರಿನ ಮಕ್ಕಳ ಹಲ್ಲಿನಲ್ಲಿ ಕಂದು ಪಟ್ಟೆಗಳು ಕಂಡರೆ ಗ್ರಾಮ ಪಂಚಾಯತಿಯ ಮೂಲಕ ನೀರನ್ನು ಪರೀಕ್ಷೆ ಮಾಡಿಸಬೇಕು.

ಮನೆಯ ನೆಲವನ್ನು ಕೊನೆಗೆ ನೋಡಿದರೂ ಮೊದಲು ಸರಿಪಡಿಸಬೇಕು. ಹೊಸ ಮನೆಗಳಿಗೆ ನುಣುಪಾದ ಟೈಲ್ಸ್ ಹಾಕಿಸುವುದು ಈಗ ಎಲ್ಲೆಡೆ ಕಂಡುಬರುತ್ತದೆ. ನೀರು ಬಿದ್ದರೆ ಅದರ ಮೇಲೆ ಪ್ರಾಯದವರೂ ನಿಲ್ಲಲಾರರು. ಬಚ್ಚಲಿಗೆ ಮತ್ತು ಅದರ ದಾರಿಗಾದರೂ ಒರಟು ಕಲ್ಲನ್ನೇ ಹಾಕಿಸಬೇಕು. ಬಚ್ಚಲ ಗೋಡೆಗೆ, ಶೌಚಾಲಯದ ಪಕ್ಕಕ್ಕೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಪೈಪು ಕೂರಿಸಬೇಕು. ದ್ರಾಕ್ಷಿ ಚಪ್ಪರದಲ್ಲಿ ಉಳಿದ ತುಂಡು ಸಾಕು, ಗೌಂಡಿಯವನಿಗೆ ಅರ್ಧ ದಿನದ ಕೆಲಸ. ಹೊಸ್ತಿಲಿನ ಅಂಚಿಗೆ ಬಿಳಿ ಬಣ್ಣ ಬಳಿದರೆ ಮಬ್ಬುಗಣ್ಣಿಗೂ ಕಾಣುತ್ತದೆ. ಹಿರಿಯರ ಹೊರಸಿನಿಂದ ಕೈಗೆಟುಕುವಂತೆ ಒಂದು ಬ್ಯಾಟರಿ ಇಟ್ಟು, ಹೊರಸಿನಿಂದ ಶೌಚಾಲಯದವರೆಗಿನ ದಾರಿಯಲ್ಲಿ ಕೊಡ, ಚೀಲ, ಕಟ್ಟಿದ ಕರುವಿನ ಹಗ್ಗ ಯಾವುದೂ ಅಡ್ಡವಿರದಂತೆ ಪ್ರತಿ ಸಂಜೆ ನೋಡಿಕೊಳ್ಳಬೇಕು.